ಕೀವಿ ಹಕ್ಕಿ: ಕಣ್ಣಿಗೆ ಬೀಳದೆ ಬದುಕಿದ್ದು, ಮೂಗಿಗೆ ಸಿಕ್ಕಿಬಿದ್ದಿದ್ದು

2023ರ ಮೇ ತಿಂಗಳಲ್ಲಿ ಅಮೆರಿಕದ ಮಯಾಮಿ ಮೃಗಾಲಯದ ಒಂದು ವಿಡಿಯೋ ನ್ಯೂಜಿಲೆಂಡ್ ಜನರ ಸಿಟ್ಟು ಕೆರಳಿಸಿತು. ಕೀವಿ ನ್ಯೂಜಿಲೆಂಡ್‌ನ, ಹಾರಲಾರದ, ರಾತ್ರಿ ಓಡಾಡುವ ಹಕ್ಕಿ. ಪಾವೊರಾ ಎಂಬ ಕೀವಿಯನ್ನು ಹಗಲಿನಲ್ಲಿ, ಕಣ್ಣು ಕುಕ್ಕುವ ಬೆಳಕಿನ ಕೆಳಗೆ ಇಟ್ಟು, ದುಡ್ಡು ಕೊಟ್ಟು ಬಂದವರಿಗೆ ಮುಟ್ಟಲು ಬಿಡುತ್ತಿದ್ದರು. ಜನ ಅದರ ತಲೆ ಸವರುತ್ತಿದ್ದರು, ಕೊಕ್ಕಿನ ಬುಡದ ಮೀಸೆ ಮುಟ್ಟುತ್ತಿದ್ದರು. ಸಾವಿರಾರು ಜನ ಪ್ರತಿಭಟನೆಯ ಅರ್ಜಿಗೆ ಸಹಿ ಹಾಕಿದರು. ಮೃಗಾಲಯ ಕ್ಷಮೆ ಕೇಳಿತು, ಆ ಕಾರ್ಯಕ್ರಮವನ್ನೇ ನಿಲ್ಲಿಸಿತು.

ಒಂದು ಹಕ್ಕಿಯ ತಲೆ ಸವರಿದ್ದಕ್ಕೆ ಇಷ್ಟೊಂದು ಗಲಾಟೆ ಯಾಕೆ ಅನ್ನಿಸಬಹುದು. ಆ ಹಕ್ಕಿಯ ಮೈಯನ್ನು ಒಂದೊಂದಾಗಿ ನೋಡುತ್ತಾ ಹೋದರೆ ಆ ಸಿಟ್ಟು ಅರ್ಥವಾಗುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಕೀವಿ ಅಂದರೆ ಹಣ್ಣು, ಇಲ್ಲವೇ ಕ್ರಿಕೆಟ್ ತಂಡ. ಹಣ್ಣು ಚೀನಾ ಮೂಲದ್ದು. 1959ರಲ್ಲಿ ಅಮೆರಿಕಕ್ಕೆ ರಫ್ತು ಮಾಡುವಾಗ ನ್ಯೂಜಿಲೆಂಡ್ ವ್ಯಾಪಾರಿಗಳು ಈ ಹೆಸರು ಕೊಟ್ಟರು, ಅಷ್ಟೇ. ಹಕ್ಕಿಯ ಕಥೆ ಅದಕ್ಕಿಂತ ಲಕ್ಷಾಂತರ ವರ್ಷ ಹಳೆಯದು.

ಬೆಕ್ಕು, ನಾಯಿ, ಇಲಿ ಯಾವುದೂ ಇಲ್ಲದ ನೆಲ

ಕೀವಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ನ್ಯೂಜಿಲೆಂಡ್ ಭೂಮಿಯನ್ನು ನೋಡಬೇಕು. ಈ ನೆಲ ಗೊಂಡ್ವಾನಾ ಎಂಬ ಹಳೆಯ ಮಹಾಖಂಡದಿಂದ ಸುಮಾರು 8 ಕೋಟಿ ವರ್ಷಗಳ ಹಿಂದೆ ಬೇರ್ಪಟ್ಟು ಸಮುದ್ರದ ನಡುವೆ ಒಂಟಿಯಾಯಿತು. ಮನುಷ್ಯ ಕಾಲಿಡುವ ಹೊತ್ತಿಗೆ ಅಲ್ಲಿ ನೆಲದ ಮೇಲೆ ಬದುಕುವ ಸಸ್ತನಿ ಅಂತ ಇದ್ದಿದ್ದು ಬಾವಲಿ ಮಾತ್ರ. ಹುಲಿ, ಚಿರತೆ ಹಾಗಿರಲಿ, ಒಂದು ಇಲಿಯೂ ಇರಲಿಲ್ಲ.

ಸಸ್ತನಿಗಳು ಮಾಡುವ ಕೆಲಸವನ್ನೆಲ್ಲ ಅಲ್ಲಿ ಹಕ್ಕಿಗಳೇ ವಹಿಸಿಕೊಂಡವು. ಸೊಪ್ಪು ಮೇಯುವ ಕೆಲಸ ಮೋವಾ ಎಂಬ ದೈತ್ಯ ಹಕ್ಕಿಗಳದ್ದು. ಬೇಟೆಯೂ ಹಕ್ಕಿಗಳದ್ದೇ. ಹಾಸ್ಟ್ ಹದ್ದು ಅಂತ ಒಂದಿತ್ತು. ಜಗತ್ತಿನಲ್ಲಿ ಇದುವರೆಗೆ ಬದುಕಿದ ಹದ್ದುಗಳಲ್ಲೇ ದೊಡ್ಡದು ಅದು. ಮೋವಾವನ್ನೇ ಎರಗಿ ಕೆಡವುತ್ತಿತ್ತು. ಜೊತೆಗೆ ಗಿಡುಗಗಳಿದ್ದವು, ಗೂಬೆಗಳಿದ್ದವು.

ಬೇಟೆಯಾಡುವ ಹಕ್ಕಿಗಳು ಮುಖ್ಯವಾಗಿ ನಂಬುವುದು ಕಣ್ಣನ್ನು, ಸ್ವಲ್ಪ ಮಟ್ಟಿಗೆ ಕಿವಿಯನ್ನು. ಮೇಲಿನಿಂದ ನೋಡುತ್ತವೆ, ಅಲುಗಾಟ ಕಂಡರೆ ಎರಗುತ್ತವೆ. ಇಂಥ ಊರಿನಲ್ಲಿ ಬದುಕಿ ಉಳಿಯಬೇಕಾದರೆ ಕಣ್ಣಿಗೆ ಬೀಳಬಾರದು. ಮೈ ತರಗೆಲೆಯ ಬಣ್ಣ ಇರಬೇಕು. ಹಗಲು ಹೊರಗೆ ಬರಬಾರದು. ಅಪಾಯ ಬಂದರೆ ಕದಲದೆ ನಿಂತುಬಿಡಬೇಕು. ಮೈಯಿಂದ ವಾಸನೆ ಬಂದರೂ ಪರವಾಗಿಲ್ಲ, ಮೂಸಿಕೊಂಡು ಬರುವವರು ಯಾರೂ ಇಲ್ಲವಲ್ಲ! ಕೀವಿ ಸರಿಯಾಗಿ ಹೀಗೆಯೇ ರೂಪುಗೊಂಡಿತು. ಈ ಮಾತು ನೆನಪಿನಲ್ಲಿರಲಿ. ಕೀವಿಗೆ ಮುಂದೆ ಬಂದ ಕಷ್ಟಗಳೆಲ್ಲ ಇದರಲ್ಲೇ ಅಡಗಿವೆ.

ಹಾರಾಟ ಬಿಟ್ಟದ್ದು ಯಾವಾಗ?

ಹಾರುವುದು ತುಂಬಾ ದುಬಾರಿ ಕೆಲಸ. ದೊಡ್ಡ ಎದೆ ಮಾಂಸಖಂಡ ಬೇಕು, ಅದಕ್ಕೆ ಸದಾ ಆಹಾರ ಬೇಕು. ಓಡಿಸಿಕೊಂಡು ಬರುವವರಿಲ್ಲದೆ, ಊಟವೂ ನೆಲದಲ್ಲೇ ಸಿಗುವಾಗ ರೆಕ್ಕೆ ಬರೀ ಭಾರ. ಪೀಳಿಗೆಯಿಂದ ಪೀಳಿಗೆಗೆ ಅದು ಸಣ್ಣದಾಗುತ್ತಾ ಬರುತ್ತದೆ. ದ್ವೀಪದ ಹಕ್ಕಿಗಳಲ್ಲಿ ಇದು ಮತ್ತೆ ಮತ್ತೆ ನಡೆದಿದೆ.

ಕೀವಿಯ ಹತ್ತಿರದ ನೆಂಟ ಯಾರು ಎಂಬ ಪ್ರಶ್ನೆಗೆ ಬಹಳ ದಿನ ಎಲ್ಲರ ಊಹೆ ಒಂದೇ ಇತ್ತು: ಅದೇ ನೆಲದ ಮೋವಾ. ಆಮೇಲೆ ಡಿಎನ್‌ಎ ನೋಡಿದವರು ಅಲ್ಲ, ಆಸ್ಟ್ರೇಲಿಯಾದ ಎಮು ಅಂದರು. 2014ರಲ್ಲಿ ಹಳೆಯ ಮೂಳೆಗಳ ಡಿಎನ್‌ಎ ಪರೀಕ್ಷೆಯಿಂದ ಬಂದ ಉತ್ತರ ಎಲ್ಲರನ್ನೂ ಬೆರಗಾಗಿಸಿತು. ಹತ್ತಿರದ ನೆಂಟ ಮಡಗಾಸ್ಕರ್‌ನ ಆನೆಹಕ್ಕಿ! ಈಗ ಅಳಿದುಹೋಗಿರುವ, ನೂರಾರು ಕಿಲೋ ತೂಗುತ್ತಿದ್ದ ಹಕ್ಕಿ ಅದು. ಎರಡು ದೇಶಗಳ ನಡುವೆ ಇಡೀ ಹಿಂದೂ ಮಹಾಸಾಗರವೇ ಇದೆ. ನಡೆದುಕೊಂಡು ಹೋಗಲು ಸಾಧ್ಯವಿಲ್ಲ. ಹಾಗಾಗಿ ಇವೆರಡರ ಪೂರ್ವಜರು ಹಾರುತ್ತಿದ್ದರು ಎಂದೇ ಅರ್ಥ. ಹಾರಿ ಬಂದು, ಬೇರೆ ಬೇರೆ ನೆಲ ಸೇರಿ, ಅಲ್ಲಲ್ಲಿ ಬೇರೆ ಬೇರೆಯಾಗಿ ಹಾರಾಟ ಬಿಟ್ಟಿವೆ. ನ್ಯೂಜಿಲೆಂಡ್‌ನ ಸೇಂಟ್ ಬಾಥನ್ಸ್ ಎಂಬಲ್ಲಿ ಸಿಕ್ಕಿದ ಸುಮಾರು 1.6 ಕೋಟಿ ವರ್ಷ ಹಳೆಯ ಪುಟ್ಟ ಪಳೆಯುಳಿಕೆಯೂ ಇದಕ್ಕೇ ಹೊಂದುತ್ತದೆ. ಆ ಹಳೆಯ ಕೀವಿ ತುಂಬಾ ಸಣ್ಣದು, ಪ್ರಾಯಶಃ ಹಾರುತ್ತಿತ್ತು.

ಈಗಿನ ಕೀವಿಗೂ ರೆಕ್ಕೆ ಇದೆ. ಕೆಲವೇ ಸೆಂಟಿಮೀಟರ್ ಉದ್ದ, ತುದಿಯಲ್ಲೊಂದು ಪುಟ್ಟ ಉಗುರು. ಗರಿಗಳ ಒಳಗೆ ಕೈ ಹಾಕಿ ಹುಡುಕಿದರೆ ಮಾತ್ರ ಸಿಗುತ್ತದೆ. ಬಾಲ ಇಲ್ಲವೇ ಇಲ್ಲ. ಹಾರುವ ಹಕ್ಕಿಯ ಎದೆಮೂಳೆಯಲ್ಲಿ ದೋಣಿಯ ತಳದ ಹಾಗೆ ಚಾಚಿಕೊಂಡ ಏಣು ಇರುತ್ತದೆ. ರೆಕ್ಕೆ ಬಡಿಯುವ ಮಾಂಸಖಂಡಗಳು ಅಂಟಿಕೊಳ್ಳುವುದು ಅಲ್ಲಿಯೇ. ಕೀವಿಗೆ ಆ ಏಣು ಇಲ್ಲ. ಹಾರುವ ಹಕ್ಕಿಗಳ ಮೂಳೆಯೊಳಗೆ ಗಾಳಿ ಇರುತ್ತದೆ, ಇದರ ಮೂಳೆಯೊಳಗೆ ಮಜ್ಜೆ ತುಂಬಿದೆ. ಗರಿಗಳು ಒಂದಕ್ಕೊಂದು ಹೆಣೆದುಕೊಳ್ಳದೆ ಒರಟು ಕೂದಲಿನ ಥರ ಜೋತುಬಿದ್ದಿರುತ್ತವೆ. ಮೈಯ ಬಿಸಿ ಸುಮಾರು 38 ಡಿಗ್ರಿ ಸೆಲ್ಸಿಯಸ್. ಹೆಚ್ಚಿನ ಹಕ್ಕಿಗಳಿಗಿಂತ ಕಡಿಮೆ, ಹೆಚ್ಚುಕಡಿಮೆ ನಮ್ಮಷ್ಟೇ. ಉಳಿಸಿದ ಶಕ್ತಿಯೆಲ್ಲ ಕಾಲಿಗೆ ಹೋಗಿದೆ. ಮೈಯ ತೂಕದ ಮೂರನೇ ಒಂದು ಭಾಗ ಬರೀ ಕಾಲು. ಓಡಲು, ಬಿಲ ತೋಡಲು, ಜಗಳಕ್ಕೆ ಎಲ್ಲಕ್ಕೂ ಅದೇ.

ಕೊಕ್ಕಿನ ತುದಿಯಲ್ಲಿ ಮೂಗು

ರಾತ್ರಿ ಬದುಕುವ ಹಕ್ಕಿ ಅಂದ ಕೂಡಲೇ ಗೂಬೆಯ ದೊಡ್ಡ ಕಣ್ಣು ನೆನಪಾಗುತ್ತದೆ ಅಲ್ವಾ? ಕೀವಿ ಹಿಡಿದದ್ದು ಇದರ ತದ್ವಿರುದ್ಧ ದಾರಿ. ಅದರ ಕಣ್ಣು ಮೈಗೆ ಹೋಲಿಸಿದರೆ ಬಹಳ ಸಣ್ಣದು. ಮಿದುಳಿನಲ್ಲಿ ನೋಟಕ್ಕೆ ಮೀಸಲಾದ ಭಾಗವೂ ಕುಗ್ಗಿದೆ. 2015ರಲ್ಲಿ ಕೀವಿಯ ಪೂರ್ತಿ ಜೀನೋಮ್ ಓದಿದಾಗ, ಬಣ್ಣ ಗುರುತಿಸುವ ಜೀನ್‌ಗಳಲ್ಲಿ ಕೆಲವು ಕೆಟ್ಟು ಕೆಲಸ ನಿಲ್ಲಿಸಿರುವುದು ಗೊತ್ತಾಯಿತು. ವಾಸನೆಗೆ ಸಂಬಂಧಿಸಿದ ಜೀನ್‌ಗಳಲ್ಲಿ ಮಾತ್ರ ವೈವಿಧ್ಯ ಜಾಸ್ತಿ ಆಗಿತ್ತು.

ಇದಕ್ಕಿಂತ ಬಲವಾದ ಸಾಕ್ಷಿ ಕಾಡಿನಿಂದಲೇ ಬಂತು. ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿಯ ಓಕಾರಿಟೊ ಕಾಡಿನಲ್ಲಿ ಸಂಶೋಧಕರು ಕೀವಿಗಳ ಕಣ್ಣು ಪರೀಕ್ಷೆ ಮಾಡಿದರು. ಹಲವು ಹಕ್ಕಿಗಳ ಕಣ್ಣಿನಲ್ಲಿ ದೋಷವಿತ್ತು. ಕೆಲವಂತೂ ಪೂರ್ತಿ ಕುರುಡು. ಆದರೂ ಆ ಕುರುಡು ಹಕ್ಕಿಗಳು ಮೈತುಂಬಿಕೊಂಡು ಚೆನ್ನಾಗಿಯೇ ಇದ್ದವು! ಕುರುಡಾದ ಗಿಡುಗ ಬೇಟೆ ಸಿಗದೆ ಸಾಯುತ್ತದೆ. ಕೀವಿಗೆ ಕಣ್ಣು ಹೋದರೂ ಊಟ ನಿಲ್ಲುವುದಿಲ್ಲ.

ಊಟ ಸಿಗುವುದು ಹೇಗೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಸೂರ್ಯ ಮುಳುಗಿ ಕತ್ತಲೆ ಗಟ್ಟಿಯಾದ ಮೇಲೆ ಕೀವಿ ಬಿಲದಿಂದ ಹೊರಗೆ ಬರುತ್ತದೆ. ತಲೆ ತಗ್ಗಿಸಿ, ಕಣ್ಣು ಕಾಣದವರು ಕೋಲು ತಟ್ಟುತ್ತಾ ನಡೆಯುವಂತೆ, ಉದ್ದ ಕೊಕ್ಕಿನಿಂದ ನೆಲ ತಟ್ಟುತ್ತಾ ನಡೆಯುತ್ತದೆ. ತಟ್, ತಟ್, ಮತ್ತೆ ಒಂದು ಹೆಜ್ಜೆ. ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಕೊಕ್ಕನ್ನು ಹಸಿ ಮಣ್ಣಿಗೆ ಬುಡದವರೆಗೂ ಚುಚ್ಚುತ್ತದೆ, ಆ ಕಡೆ ಈ ಕಡೆ ಅಲ್ಲಾಡಿಸುತ್ತದೆ, ಎರೆಹುಳುವನ್ನೋ ಗೊಣ್ಣೆಹುಳುವನ್ನೋ ಎಳೆದು ತೆಗೆಯುತ್ತದೆ. ಬೆಳಿಗ್ಗೆ ಆ ದಾರಿಯಲ್ಲಿ ಹೋದವರಿಗೆ ಮಣ್ಣಿನಲ್ಲಿ ಆಲಿಕೆಯಾಕಾರದ ಗುಳಿಗಳು ಕಾಣುತ್ತವೆ. ಇಲ್ಲಿ ಕೀವಿ ಇದೆ ಎಂದು ಅರಣ್ಯ ಸಿಬ್ಬಂದಿ ಗುರುತಿಸುವುದು ಈ ಗುಳಿಗಳಿಂದ.

ಬೇರೆ ಹಕ್ಕಿಗಳ ಮೂಗಿನ ಹೊಳ್ಳೆ ಕೊಕ್ಕಿನ ಬುಡದಲ್ಲಿರುತ್ತದೆ. ಕೀವಿಗೆ ಮಾತ್ರ ಕೊಕ್ಕಿನ ತುದಿಯಲ್ಲಿದೆ. ಅಂದರೆ ಮೂಗನ್ನೇ ಮಣ್ಣಿನೊಳಗೆ ಇಳಿಸಿ ಮೂಸಬಹುದು. ಹೊಳ್ಳೆಗೆ ಮಣ್ಣು ಸೇರುತ್ತದೆ, ಆಗಾಗ ಜೋರಾಗಿ ಉಸಿರು ಬಿಟ್ಟು ಅದನ್ನು ಹೊರಹಾಕುತ್ತದೆ. ಕತ್ತಲಲ್ಲಿ ಮೊದಲು ಕೇಳಿಸುವುದು ಈ ಸೀನಿನಂಥ ಸದ್ದೇ.

ಮೂಗಿನ ಜೊತೆಗೆ ಅದಕ್ಕೆ ಇನ್ನೊಂದು ಉಪಾಯವಿದೆ. ಕೊಕ್ಕಿನ ತುದಿಯ ಮೂಳೆಯಲ್ಲಿ ಸಣ್ಣ ಸಣ್ಣ ಕುಳಿಗಳಿವೆ. ಅವುಗಳ ತುಂಬಾ ನರದ ತುದಿಗಳು. ಮಣ್ಣಿನೊಳಗೆ ಹುಳು ಮಿಸುಕಿದರೆ ಆ ಕಂಪನ ಅಲ್ಲಿಗೆ ಮುಟ್ಟುತ್ತದೆ. ಕೆಸರಿನಲ್ಲಿ ಕೊಕ್ಕು ಚುಚ್ಚುವ ಉಲ್ಲಂಕಿಯಂಥ ನೀರುಹಕ್ಕಿಗಳಲ್ಲೂ ಇಂಥದೇ ವ್ಯವಸ್ಥೆ ಇದೆ. ಕೀವಿ ಆ ಹಕ್ಕಿಗಳಿಗೆ ಬಹಳ ದೂರದ್ದು. ಬೇರೆ ದಾರಿಯಲ್ಲಿ ನಡೆದು ಅದೇ ಜಾಗಕ್ಕೆ ಬಂದು ಸೇರಿದೆ. ಇನ್ನು ಮುಖದ ಮೇಲಿನ ಮೀಸೆಗಳು ಪಕ್ಕದಲ್ಲಿ ಏನಿದೆ ಎಂದು ಮುಟ್ಟಿ ತಿಳಿಸುತ್ತವೆ. ಈಗ ಯೋಚಿಸಿ: ಹಗಲು ಬೆಳಕಿಗೆ ಎಳೆದು ತಂದು, ಅಪರಿಚಿತರು ಇದೇ ಮೀಸೆ, ಇದೇ ಮುಖ ಸವರಿದರೆ ಅದಕ್ಕೆ ಹೇಗಾಗಬೇಡ? ಆ ಸಹಿಗಳ ಹಿಂದಿನ ಸಂಕಟ ನನಗಂತೂ ಪೂರ್ತಿ ನ್ಯಾಯವಾಗಿಯೇ ಕಾಣುತ್ತದೆ.

ಹಗಲು ಕೀವಿ ನಿದ್ದೆ ಮಾಡುವುದು ಬಿಲದಲ್ಲೋ, ಬಿದ್ದ ಮರದ ಪೊಟರೆಯಲ್ಲೋ, ದಟ್ಟ ಪೊದೆಯ ಬುಡದಲ್ಲೋ. ಒಂದೇ ಜೋಡಿಗೆ ತನ್ನ ಸರಹದ್ದಿನೊಳಗೆ ಇಂಥ ಹಲವು ತಾಣಗಳಿರುತ್ತವೆ. ಸರಹದ್ದಿನ ವಿಷಯದಲ್ಲಿ ಅದು ಬಹಳ ಬಿಗಿ. ಗಂಡಿನದು ಏರುತ್ತಾ ಹೋಗುವ ಚೂಪಾದ ಸಿಳ್ಳೆ, ಹೆಣ್ಣಿನದು ಒಡಕು, ಒರಟು ದನಿ. ಕೂಗಿಗೂ ಜಗ್ಗದೆ ಒಳಗೆ ಬಂದವರಿಗೆ ಕಾಲಿನ ಏಟು ಬೀಳುತ್ತದೆ. ಎಲ್ಲ ಕೀವಿಗಳೂ ಕಟ್ಟುನಿಟ್ಟಾಗಿ ನಿಶಾಚರಿಗಳೇನಲ್ಲ. ದಕ್ಷಿಣದ ಸ್ಟೀವರ್ಟ್ ದ್ವೀಪದ ಟೊಕೊಯೆಕಾ ಎಂಬ ಜಾತಿ ಒಮ್ಮೊಮ್ಮೆ ಹಗಲಲ್ಲೂ ಮೇಯುತ್ತದೆ, ಕಡಲತೀರದ ಮರಳಿನಲ್ಲಿ ಹುಳ ಹೆಕ್ಕುತ್ತದೆ.

ಇಷ್ಟು ದೊಡ್ಡ ಮೊಟ್ಟೆ ಯಾಕೆ?

ಕಂದು ಕೀವಿಯ ಹೆಣ್ಣು ಸುಮಾರು 2.8 ಕಿಲೋ ತೂಗುತ್ತದೆ. ಅದರ ಮೊಟ್ಟೆ 400 ಗ್ರಾಂ ದಾಟುತ್ತದೆ. ಕೋಳಿಮೊಟ್ಟೆ 50, 60 ಗ್ರಾಂ ಅಷ್ಟೇ. ತಾಯಿಯ ತೂಕದ ಶೇ. 15ರಿಂದ 20ರಷ್ಟು ಒಂದೇ ಮೊಟ್ಟೆಯಲ್ಲಿರುತ್ತದೆ. ಮೊಟ್ಟೆ ಇಡುವ ಮುಂಚೆ ತೆಗೆದ ಎಕ್ಸ್‌ರೇ ಚಿತ್ರ ನೋಡಿದರೆ ಎದೆ ಝಲ್ ಅನ್ನುತ್ತದೆ. ಹೊಟ್ಟೆಯ ಪೂರ್ತಿ ಜಾಗ ಮೊಟ್ಟೆಯದ್ದೇ, ಉಳಿದ ಅಂಗಗಳೆಲ್ಲ ಮೂಲೆಗೆ ಸರಿದಿರುತ್ತವೆ. ಕೊನೆಯ ದಿನಗಳಲ್ಲಿ ತಾಯಿಗೆ ಊಟ ಇಳಿಯಲು ಜಾಗವೇ ಇರುವುದಿಲ್ಲ.

ಒಂದು ಕಾಲದಲ್ಲಿ ಇದಕ್ಕೊಂದು ಚೆಂದದ ವಿವರಣೆ ಇತ್ತು. ಕೀವಿಯ ಪೂರ್ವಜರು ಮೋವಾದಷ್ಟು ದೊಡ್ಡವರು, ಮೈ ಕುಗ್ಗಿತು, ಮೊಟ್ಟೆ ಮಾತ್ರ ಹಳೆಯ ಗಾತ್ರದ ಹತ್ತಿರವೇ ಉಳಿಯಿತು ಅಂತ. ಪೂರ್ವಜರು ಸಣ್ಣವರು, ಹಾರುತ್ತಿದ್ದವರು ಎಂದು ಗೊತ್ತಾದ ಮೇಲೆ ಆ ವಾದ ಬಲ ಕಳೆದುಕೊಂಡಿದೆ. ನನಗೆ ಒಪ್ಪಿಗೆಯಾಗುವ ಉತ್ತರ ಮೊಟ್ಟೆಯ ಒಳಗೇ ಇದೆ. ಕೀವಿಯ ಮೊಟ್ಟೆಯಲ್ಲಿ ಹಳದಿ ಭಾಗವೇ ಶೇ. 65ರಷ್ಟು. ಕೋಳಿಮೊಟ್ಟೆಯಲ್ಲಿ ಈ ಪಾಲಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಹಳದಿ ಅಂದರೆ ಮರಿಯ ಬುತ್ತಿ. ಈ ಮರಿಗೆ ಹುಟ್ಟಿದ ಮೇಲೆ ಯಾರೂ ಗುಟುಕು ಕೊಡುವುದಿಲ್ಲ. ಬುತ್ತಿಯನ್ನೆಲ್ಲ ಮೊದಲೇ ಕಟ್ಟಿ ಕೊಡಲಾಗಿದೆ.

ಮೊಟ್ಟೆ ಇಟ್ಟ ಮೇಲೆ ಕಂದು ಕೀವಿಯಲ್ಲಿ ಕಾವು ಕೂರುವುದು ಅಪ್ಪ. ಅದೂ ಎಪ್ಪತ್ತೈದು, ಎಂಬತ್ತು ದಿನ! ರಾತ್ರಿ ಸ್ವಲ್ಪ ಹೊತ್ತು ಹುಳು ಹೆಕ್ಕಲು ಹೊರಗೆ ಹೋಗುವಾಗ ಬಿಲದ ಬಾಯಿಗೆ ಎಲೆ, ಕಡ್ಡಿ ಮುಚ್ಚಿ ಹೋಗುತ್ತದೆ. ಇಷ್ಟು ದಿನಗಳಲ್ಲಿ ಅದರ ತೂಕ ಚೆನ್ನಾಗಿಯೇ ಇಳಿಯುತ್ತದೆ. ಓಕಾರಿಟೊದ ರೋವಿ ಜಾತಿಯಲ್ಲಿ ಗಂಡು ಹೆಣ್ಣು ಇಬ್ಬರೂ ಸರದಿಯ ಮೇಲೆ ಕೂರುತ್ತಾರೆ.

ಮೊಟ್ಟೆ ಒಡೆಯಲು ಬೇರೆ ಮರಿಗಳಿಗೆ ಕೊಕ್ಕಿನ ಮೇಲೊಂದು ಪುಟ್ಟ ಹಲ್ಲು ಇರುತ್ತದೆ. ಕೀವಿ ಮರಿ ಕಾಲಿನಿಂದ ಒದ್ದೇ ಚಿಪ್ಪು ಒಡೆಯುತ್ತದೆ. ಹೊರಗೆ ಬಂದಾಗ ಮೈತುಂಬಾ ಗರಿ, ನೋಡಲು ದೊಡ್ಡ ಕೀವಿಯ ಪುಟ್ಟ ಪ್ರತಿ. ಹೊಟ್ಟೆಯೊಳಗೆ ಉಳಿದ ಹಳದಿ ಎಷ್ಟಿರುತ್ತದೆಂದರೆ ಮೊದಲ ದಿನಗಳಲ್ಲಿ ಅದಕ್ಕೆ ನೆಟ್ಟಗೆ ನಿಲ್ಲಲೂ ಆಗುವುದಿಲ್ಲ. ಕಾಲು ಅಗಲಿಸಿ ಕುಕ್ಕರಿಸಿರುತ್ತದೆ. ಹಳದಿ ಕರಗುತ್ತಾ ಬಂದಂತೆ ಎದ್ದು, ಒಂದು ವಾರದ ಆಸುಪಾಸಿನಲ್ಲಿ ತಾನೇ ರಾತ್ರಿ ಹೊರಗೆ ಹೋಗಿ ಎಲೆ ಕೆದಕಲು ಕಲಿಯುತ್ತದೆ. ಮರಿಯ ಜೀವಕ್ಕೆ ನಿಜವಾದ ಗಂಡಾಂತರ ಶುರುವಾಗುವುದೂ ಆಗಲೇ.

ಮೂಸಿಕೊಂಡು ಬಂದವರು

ಸುಮಾರು 13ನೇ ಶತಮಾನದಲ್ಲಿ ಪೆಸಿಫಿಕ್ ಸಾಗರದ ಪಾಲಿನೇಷ್ಯಾ ದ್ವೀಪಗಳಿಂದ ದೋಣಿಗಳಲ್ಲಿ ಬಂದ, ನ್ಯೂಜಿಲೆಂಡ್‌ನ ಮೂಲನಿವಾಸಿಗಳಾದ ಮಾವೊರಿಗಳ ಪೂರ್ವಜರ ಜೊತೆ ನಾಯಿ ಬಂತು, ಒಂದು ಜಾತಿಯ ಇಲಿ ಬಂತು. ಮಾವೊರಿಗಳು ಕೀವಿಯನ್ನು ಬೇಟೆಯಾಡುತ್ತಿದ್ದರು, ಅದರ ಗರಿಗಳಿಂದ ಬೆಲೆಬಾಳುವ ಮೇಲುಹೊದಿಕೆ ನೇಯುತ್ತಿದ್ದರು. ಕಾಡಿನ ದೇವರಾದ ತಾನೆಯ ಬಚ್ಚಿಟ್ಟ ಹಕ್ಕಿ ಎಂದು ಅದನ್ನು ಕರೆದವರೂ ಅವರೇ. ಇಂದಿಗೂ ಕೀವಿ ಅವರಿಗೆ ಪೂಜ್ಯ ಸಂಪತ್ತು. ಹಕ್ಕಿಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವಾಗ ಅಲ್ಲಿನ ಬುಡಕಟ್ಟಿನವರು ಪ್ರಾರ್ಥನೆ ಹೇಳಿ ಕಳಿಸಿಕೊಡುತ್ತಾರೆ.

ಯುರೋಪಿನವರು ಬಂದ ಮೇಲೆ ಬೆಕ್ಕು, ಹೆಗ್ಗಣ, ಬೇರೆ ನಾಯಿಗಳು ಬಂದವು. ತಂದು ಬಿಟ್ಟ ಮೊಲಗಳು ಹೆಚ್ಚಿ ಕುರಿಗಳ ಹುಲ್ಲನ್ನು ತಿಂದು ಮುಗಿಸಿದಾಗ, ಮೊಲ ಹಿಡಿಯಲು 1880ರ ದಶಕದಲ್ಲಿ ಸ್ಟೋಟ್ ತಂದು ಬಿಟ್ಟರು. ಸ್ಟೋಟ್ ಮುಂಗುಸಿಗಿಂತ ಸಣ್ಣ, ಸಪೂರ ಮೈಯ ಬೇಟೆಗಾರ. ಬೇಡ, ಹಕ್ಕಿಗಳು ಉಳಿಯುವುದಿಲ್ಲ ಎಂದು ಪಕ್ಷಿ ತಜ್ಞರು ಆಗಲೇ ಎಚ್ಚರಿಸಿದ್ದರು. ಯಾರೂ ಕೇಳಲಿಲ್ಲ.

ಈ ಹೊಸಬರೆಲ್ಲ ಮೂಗು ನಂಬಿ ಬೇಟೆಯಾಡುವವರು. ಕೀವಿಯ ಹಳೆಯ ರಕ್ಷಣೆಗಳು ಒಂದೊಂದೂ ತಿರುಗಿಬಿದ್ದವು. ಕತ್ತಲೆ ಮರೆಮಾಡಲಿಲ್ಲ. ತರಗೆಲೆಯ ಬಣ್ಣ ಉಪಯೋಗಕ್ಕೆ ಬರಲಿಲ್ಲ. ಕದಲದೆ ನಿಂತ ಹಕ್ಕಿ ಸುಲಭವಾಗಿ ಸಿಕ್ಕಿತು. ಅದರ ಮೈಗೆ ಇರುವ ಗಾಢ ವಾಸನೆ ಬಿಲದವರೆಗೂ ದಾರಿ ತೋರಿಸಿತು. ಕಾವಲಿಲ್ಲದ ಕಾಡುಗಳಲ್ಲಿ ಇಂದು ನೂರು ಮರಿ ಹುಟ್ಟಿದರೆ ದೊಡ್ಡದಾಗುವವರೆಗೆ ಉಳಿಯುವುದು ಐದರಷ್ಟು. ಹೆಚ್ಚಿನವು ಸ್ಟೋಟ್ ಬಾಯಿಗೆ. ಮರಿ ಒಂದು ಕಿಲೋ ತೂಗಿದ ಮೇಲೆ ಕಾಲಿನಿಂದ ಒದ್ದು ಸ್ಟೋಟ್ ಅನ್ನು ಓಡಿಸಬಲ್ಲದು. ಅಷ್ಟು ಬೆಳೆಯಲು ಆರೇಳು ತಿಂಗಳು ಬೇಕು.

ಬೆಳೆದ ಕೀವಿಗೆ ದೊಡ್ಡ ಯಮ ನಾಯಿ. ಎದೆಮೂಳೆ ದುರ್ಬಲವಾದ್ದರಿಂದ ನಾಯಿ ಬಾಯಲ್ಲಿ ಹಗುರವಾಗಿ ಹಿಡಿದರೂ ಸಾಕು, ಹಕ್ಕಿ ಉಳಿಯುವುದಿಲ್ಲ. 1987ರಲ್ಲಿ ಉತ್ತರದ ವೈಟಂಗಿ ಕಾಡಿನಲ್ಲಿ ಅಲೆಯುತ್ತಿದ್ದ ಒಂದೇ ಒಂದು ನಾಯಿ ಕೆಲವೇ ವಾರಗಳಲ್ಲಿ ಸುಮಾರು 500 ಕೀವಿಗಳನ್ನು ಕೊಂದಿತೆಂದು ಅಂದಾಜು. ಅಲ್ಲಿದ್ದ ಒಟ್ಟು ಹಕ್ಕಿಗಳೇ 900ರಷ್ಟು. ಇರುವ ಜಾಗ ತಿಳಿಯಲೆಂದು ರೇಡಿಯೋ ಟ್ರಾನ್ಸ್‌ಮಿಟರ್ ಕಟ್ಟಿದ್ದ ಹಕ್ಕಿಗಳು ಒಂದೊಂದಾಗಿ ಸತ್ತು ಬಿದ್ದಿದ್ದರಿಂದ ವಿಷಯ ಗೊತ್ತಾಯಿತು. ಕೀವಿ 25ರಿಂದ 50 ವರ್ಷ ಬದುಕುವ, ವರ್ಷಕ್ಕೆ ಒಂದೆರಡು ಮೊಟ್ಟೆ ಇಡುವ ಹಕ್ಕಿ. ಇಂಥ ನಷ್ಟ ತುಂಬಿ ಬರಲು ದಶಕಗಳೇ ಬೇಕು. ಆಕ್ಲೆಂಡಿನಲ್ಲೋ ಉತ್ತರದ ಊರುಗಳಲ್ಲೋ ನೆಲೆಸಿರುವ ಕನ್ನಡಿಗರಲ್ಲಿ ನಾಯಿ ಸಾಕಿದವರು ಇದ್ದರೆ, ಕೀವಿ ಇರುವ ಕಡೆ ದಯವಿಟ್ಟು ಅದನ್ನು ಬಿಟ್ಟು ಓಡಾಡಿಸಬೇಡಿ. ಕೀವಿ ವಾಸನೆಯಿಂದ ದೂರ ಉಳಿಯಲು ನಾಯಿಗೆ ಕಲಿಸುವ ತರಬೇತಿಯೂ ಅಲ್ಲಿದೆ.

ಕಾಯುವವರ ಕೆಲಸ

ಕೀವಿ ಉಳಿಸುವ ಯತ್ನ ಬಹಳ ಹಿಂದೆಯೇ ಶುರುವಾಯಿತು. 1894ರಲ್ಲಿ ರಿಚರ್ಡ್ ಹೆನ್ರಿ ಎಂಬಾತ ನ್ಯೂಜಿಲೆಂಡ್‌ನ ನೈಋತ್ಯ ಮೂಲೆಯ ಫಿಯೋರ್ಡ್‌ಲೆಂಡ್‌ನಲ್ಲಿರುವ ರೆಸಲ್ಯೂಷನ್ ದ್ವೀಪದ ಮೇಲ್ವಿಚಾರಕನಾದ. ಮಳೆ ಬಿಡದೆ ಸುರಿಯುವ ಆ ಕರಾವಳಿಯಲ್ಲಿ ವರ್ಷಗಟ್ಟಲೆ ದೋಣಿ ಹುಟ್ಟು ಹಾಕುತ್ತಾ, ನೂರಾರು ಕಾಕಪೊ ಗಿಳಿಗಳನ್ನೂ ಕೀವಿಗಳನ್ನೂ ಹಿಡಿದು ದ್ವೀಪಗಳಿಗೆ ಸಾಗಿಸಿದ. 1900ರಲ್ಲಿ ಅಲ್ಲಿ ಸ್ಟೋಟ್ ಕಾಣಿಸಿತು. ಸಮುದ್ರ ಈಜಿಕೊಂಡು ಬಂದಿತ್ತು. ಒಬ್ಬ ಮನುಷ್ಯನ ಅಷ್ಟು ವರ್ಷಗಳ ದುಡಿಮೆ ನೀರಿನಲ್ಲಿ ಹೋಮವಾಯಿತು. ಆದರೆ ದ್ವೀಪಕ್ಕೆ ಸಾಗಿಸಿ ಉಳಿಸುವ ಅವನ ಉಪಾಯವೇ ಮುಂದೆ ಎಲ್ಲರ ಕೈ ಹಿಡಿಯಿತು.

1990ರ ದಶಕದ ಮಧ್ಯದಲ್ಲಿ ಶುರುವಾದ ‘ಆಪರೇಷನ್ ನೆಸ್ಟ್ ಎಗ್’ ಅದರ ಮುಂದುವರಿಕೆ. ಕಾವು ಕೂತ ಗಂಡಿನ ಕಾಲಿಗೆ ಕಟ್ಟಿದ ಟ್ರಾನ್ಸ್‌ಮಿಟರ್ ಹಿಡಿದು ಬಿಲ ಹುಡುಕುತ್ತಾರೆ. ಮೊಟ್ಟೆಯನ್ನು ಮೆತ್ತಗೆ ತೆಗೆದು ಇನ್‌ಕ್ಯುಬೇಟರಿನಲ್ಲಿ ಮರಿ ಮಾಡಿಸುತ್ತಾರೆ. ಸ್ಟೋಟ್ ಇಲ್ಲದ ದ್ವೀಪದಲ್ಲೋ ಬೇಲಿ ಹಾಕಿದ ಕಾಡಿನಲ್ಲೋ ಬೆಳೆಸಿ, ಒಂದು ಕಿಲೋ ದಾಟಿದ ಮೇಲೆ ಹುಟ್ಟಿದ ಕಾಡಿಗೆ ವಾಪಸ್ ಬಿಡುತ್ತಾರೆ. ಹೀಗೆ ಮಾಡಿದರೆ ನೂರರಲ್ಲಿ ಅರವತ್ತಕ್ಕೂ ಜಾಸ್ತಿ ಮರಿಗಳು ಉಳಿಯುತ್ತವೆ. 1995ರಲ್ಲಿ 160ರಷ್ಟಕ್ಕೆ ಇಳಿದಿದ್ದ ರೋವಿಗಳು ಈಗ 500 ದಾಟಿರುವುದಕ್ಕೆ ಇದೇ ಮುಖ್ಯ ಕಾರಣ.

ಇದು ತಾತ್ಕಾಲಿಕ ಪರಿಹಾರ ಮಾತ್ರ. ಒಂದೊಂದೇ ಮೊಟ್ಟೆ ಹೊತ್ತು ದೇಶ ತುಂಬಿಸಲು ಆಗುವುದಿಲ್ಲ. ಹಾಗಾಗಿ ಈಗ ಹೆಚ್ಚು ಒತ್ತು ಸ್ಟೋಟ್ ಹಿಡಿಯುವ ಬೋನುಗಳಿಗೆ. ರಾಜಧಾನಿ ವೆಲಿಂಗ್ಟನ್‌ನ ಪಶ್ಚಿಮದ ಗುಡ್ಡಗಳಲ್ಲಿ ರೈತರೂ ಸ್ವಯಂಸೇವಕರೂ ಸೇರಿ ಸಾವಿರಾರು ಬೋನು ಇಟ್ಟರು. 2022ರ ನವೆಂಬರ್‌ನಲ್ಲಿ, ನೂರು ವರ್ಷಕ್ಕೂ ಹೆಚ್ಚು ಕಾಲದ ನಂತರ, ಅಲ್ಲಿಗೆ ಕೀವಿ ಮರಳಿ ಬಂತು. ಲೆಕ್ಕ ಹಾಕುವುದಕ್ಕೂ ಜನರೇ ಬೇಕು. ಮೇ, ಜೂನ್‌ನ ಚಳಿಯಲ್ಲಿ ಸ್ವಯಂಸೇವಕರು ಗುಡ್ಡದ ಮೇಲೆ ಕತ್ತಲಲ್ಲಿ ಕೂತು, ಯಾವ ದಿಕ್ಕಿನಿಂದ ಗಂಡು ಕೂಗಿತು, ಯಾವ ದಿಕ್ಕಿನಿಂದ ಹೆಣ್ಣು ಎಂದು ಬರೆದುಕೊಳ್ಳುತ್ತಾರೆ. ಒಂದು ಕಾಲದಲ್ಲಿ ಲಕ್ಷಗಟ್ಟಲೆ ಇದ್ದ ಹಕ್ಕಿ ಈಗ ಐದು ಜಾತಿಗಳೂ ಸೇರಿ ಸುಮಾರು 70,000.

ಈ ಐದರಲ್ಲಿ ಅತಿ ಚಿಕ್ಕದಾದ ಚುಕ್ಕೆ ಕೀವಿಯ ಪಾಡು ಬೇರೆಯೇ. ಮುಖ್ಯ ನೆಲದಿಂದ ಅದು ಮಾಯವಾಗಿದೆ ಎಂದೇ ಎಲ್ಲರೂ ನಂಬಿದ್ದರು. 1912ರಲ್ಲಿ ಕಾಪಿಟಿ ದ್ವೀಪಕ್ಕೆ ಬಿಟ್ಟ ಐದೇ ಐದು ಹಕ್ಕಿಗಳಿಂದ ಇಂದಿನ ಸುಮಾರು 2,000 ಹಕ್ಕಿಗಳು ಬಂದಿವೆ ಎಂದು ಲೆಕ್ಕ. ಎಲ್ಲವೂ ಹತ್ತಿರದ ರಕ್ತಸಂಬಂಧಿಗಳು. ಹೊಸ ರೋಗ ಬಂದರೆ ತಡೆದುಕೊಳ್ಳುವ ಶಕ್ತಿ ಇಂಥ ಗುಂಪಿಗೆ ಕಡಿಮೆ. ಹೀಗಿರುವಾಗ 2025ರಲ್ಲಿ ಪಶ್ಚಿಮ ಕರಾವಳಿಯ ಆಡಮ್ಸ್ ವೈಲ್ಡರ್‌ನೆಸ್ ಎಂಬ ದುರ್ಗಮ ಕಾಡಿನಲ್ಲಿ ಇದೇ ಜಾತಿಯ ಹಕ್ಕಿಗಳು ಸಿಕ್ಕವು. ಗರಿಯ ಡಿಎನ್‌ಎ ಪರೀಕ್ಷೆ ಅದನ್ನು ಖಚಿತಪಡಿಸಿತು. ಕಾಪಿಟಿಯ ಸಂಬಂಧವಿಲ್ಲದೆ, ಸ್ಟೋಟ್‌ಗಳ ನಡುವೆಯೇ, ಯಾರ ಸಹಾಯವೂ ಇಲ್ಲದೆ ಅವು ಉಳಿದುಕೊಂಡಿದ್ದವು. ಐದು ಹಕ್ಕಿಗಳ ವಂಶಕ್ಕೆ ಹೊಸ ರಕ್ತ ಸೇರುವ ದಾರಿ ಇದ್ದರೆ ಅದು ಇಲ್ಲಿಂದಲೇ. ಅದಕ್ಕೂ ಮೊದಲು ಆ ಕಾಡಿನ ಸ್ಟೋಟ್‌ಗಳನ್ನು ಹತೋಟಿಗೆ ತರಬೇಕು.